60 ದಿನ, ಒಂದು ಇಮೇಲ್: ಘಟ್ಟದ ಬುಡದಲ್ಲಿ ಆನ್‌ಲೈನ್ ಅಭಿಪ್ರಾಯ ಎಷ್ಟು ಕೆಲಸ ಮಾಡಿದೆ?

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಜರಿಯಿತು. ಮರುದಿನ, ಜುಲೈ 31ರಂದು, ಕೇಂದ್ರ ಪರಿಸರ ಸಚಿವಾಲಯ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಹೊರಡಿಸಿತು. ಇದು ಆರನೇ ಕರಡು. 2014ರ ಮಾರ್ಚ್, 2015ರ ಸೆಪ್ಟೆಂಬರ್, 2017ರ ಫೆಬ್ರವರಿ, 2018ರ ಅಕ್ಟೋಬರ್, 2022ರ ಜುಲೈ, ಆಮೇಲೆ ಇದು. ಪ್ರತಿ ಸಲವೂ ಅದೇ ಸಾಲು: ಆಕ್ಷೇಪಣೆ, ಸಲಹೆ ಇದ್ದವರು 60 ದಿನದೊಳಗೆ ಲಿಖಿತವಾಗಿ ದೆಹಲಿಯ ವಿಳಾಸಕ್ಕೆ ಅಥವಾ ಇಮೇಲ್‌ಗೆ ಕಳಿಸಿ.

ಆ ಆಗಸ್ಟ್‌ನಲ್ಲಿ ಸುಬ್ರಹ್ಮಣ್ಯದ ಆಚೆ ಇರುವ ನನ್ನ ಸೋದರಮಾವ ಫೋನ್ ಮಾಡಿದ್ದರು. "ಎಂತದೋ ಇಮೇಲ್ ಹಾಕ್ಬೇಕಂತೆ ಮಾರಾಯ, ನೀನೇ ಒಂದು ಹಾಕಿಬಿಡು" ಅಂತ. ವಾಟ್ಸ್ಆ್ಯಪ್‌ನಲ್ಲಿ ಅವರಿಗೆ ಒಂದು ರೆಡಿಮೇಡ್ ಒಕ್ಕಣೆ ಬಂದಿತ್ತು. ಹೆಸರು, ಊರು ತುಂಬಿಸಿ ಕಳಿಸಿದರೆ ಆಯಿತು. ನಾನು ಹಾಗೇ ಕಳಿಸಬಹುದಿತ್ತು. ಆದರೆ ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವರಿಗೆ ಒಂದು ಚಟ ಉಳಿದುಬಿಡುತ್ತದೆ, ಫಾರ್ಮ್ ತುಂಬುವ ಮೊದಲು ಸ್ಪೆಸಿಫಿಕೇಶನ್ ಓದುವುದು. "ನಿಮಗೆ ನಿಜವಾಗಿ ಏನು ಹೇಳಬೇಕು ಮಾವ?" ಅಂತ ಕೇಳಿದೆ.

ಅವರು ಹೇಳಿದ್ದು ಮೂರು ಮಾತು. ಮೇಲಿನ ಗುಡ್ಡದಲ್ಲಿ ಕಲ್ಲುಕ್ವಾರಿ ಯಾವ ಕಾಲಕ್ಕೂ ಬರಬಾರದು. ಆದರೆ ಕುಮ್ಕಿಯಲ್ಲಿ ಅಪ್ಪನ ಕಾಲದಿಂದ ಇರುವ ಅಡಿಕೆ ಗಿಡಕ್ಕೆ ಯಾರೂ ಕೈ ಹಾಕಬಾರದು. ಮತ್ತೆ, ಮಗನಿಗೆ ಮನೆ ಕಟ್ಟಲಿಕ್ಕೆ ಆಗ್ತದಾ ಇಲ್ವಾ, ಅದನ್ನು ಯಾರಾದರೂ ಬರೆದು ಕೊಡಲಿ.

ಈ ಮೂರು ಮಾತನ್ನು ಯಾವ ಕಾಲಂಗೆ ಹಾಕುತ್ತೀರಿ? ಪರವೋ, ವಿರೋಧವೋ? ಆ ರೆಡಿಮೇಡ್ ಒಕ್ಕಣೆಯಲ್ಲಿ ಇದ್ದದ್ದು ಒಂದೇ ವಾಕ್ಯ: ವರದಿಯನ್ನು ಸಂಪೂರ್ಣ ತಿರಸ್ಕರಿಸಿ.

ಆನ್‌ಲೈನ್‌ನಲ್ಲಿ ಜನಾಭಿಪ್ರಾಯ ಕೇಳುವ ವ್ಯವಸ್ಥೆ ಎಷ್ಟು ಕೆಲಸ ಮಾಡುತ್ತದೆ ಎನ್ನುವ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ಸಂಖ್ಯೆಯಲ್ಲಿ ಮುಗಿಯುತ್ತದೆ. ಇಷ್ಟು ಲಕ್ಷ ಇಮೇಲ್, ಇಷ್ಟು ಸಹಿ, ಇಷ್ಟು ಟ್ರೆಂಡ್. ನನಗೆ ಅನಿಸುವ ಪ್ರಕಾರ ಅಲ್ಲೇ ನಾವು ದಾರಿ ತಪ್ಪುವುದು.

ಮೊದಲು ನಕ್ಷೆಯ ವಿಷಯ

ಕರಡಿನಲ್ಲಿ ಇರುವುದು ಆರು ರಾಜ್ಯಗಳ ಸುಮಾರು 56,825 ಚದರ ಕಿಲೋಮೀಟರ್. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್, 1,576 ಹಳ್ಳಿ. ದಕ್ಷಿಣ ಕನ್ನಡದ 46 ಹಳ್ಳಿ ಇದರಲ್ಲಿವೆ. ಸುಬ್ರಹ್ಮಣ್ಯ, ಐನೆಕಿದು, ಕೊಲ್ಲಮೊಗ್ರು, ಕಲ್ಮಕಾರು, ಶಿರಾಡಿ ಎಲ್ಲ ಆ ಸಾಲಿನವೇ.

ಹಳ್ಳಿಗಳನ್ನು ಆರಿಸಿದ ರೀತಿ ಹೀಗೆ. 2013ರ ಏಪ್ರಿಲ್‌ನಲ್ಲಿ ವರದಿ ಕೊಟ್ಟ ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರ ನೋಡಿ, ಘಟ್ಟವನ್ನು ನೈಸರ್ಗಿಕ ಭೂಭಾಗ ಮತ್ತು ಜನ ಬಳಸುವ ಭೂಭಾಗ ಎಂದು ಎರಡು ಮಾಡಿತು. ಒಂದು ಹಳ್ಳಿಯ ವಿಸ್ತೀರ್ಣದಲ್ಲಿ ಶೇ 20 ಅಥವಾ ಅದಕ್ಕಿಂತ ಹೆಚ್ಚು ಸೂಕ್ಷ್ಮ ಪ್ರದೇಶ ಬಂದರೆ ಇಡೀ ಹಳ್ಳಿ ಪಟ್ಟಿಗೆ. ಬಯಲುಸೀಮೆಯಲ್ಲಿ ಊರು ಅಂದರೆ ಒಂದು ಕಡೆ ಮನೆಗಳ ಗುಂಪು, ಸುತ್ತ ಹೊಲ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಗ್ರಾಮ ಅಂದರೆ ಮೀಸಲು ಅರಣ್ಯದ ಅಂಚಿನಿಂದ ಹೊಳೆಯವರೆಗೆ ಹರಡಿದ ಗುಡ್ಡ, ಅದರ ಸಂದಿ ಸಂದಿಯಲ್ಲಿ ಒಂದೊಂದು ತೋಟ, ತೋಟಕ್ಕೊಂದು ಮನೆ. ವರ್ಗ ಜಾಗದ ಪಕ್ಕದಲ್ಲಿ ಕುಮ್ಕಿ, ಅದರಾಚೆ ಕಾಡು. ಮೇಲಿಂದ ನೋಡಿದರೆ ಎಲ್ಲವೂ ಹಸಿರು. ಹಾಗಾಗಿ ಗ್ರಾಮವನ್ನು ಒಂದು ಘಟಕವಾಗಿ ಹಿಡಿದರೆ ತಾಂಬೂಲದ ತಟ್ಟೆಯಲ್ಲಿ ಎಲೆ ಇದೆ ಎಂದು ತಟ್ಟೆಯನ್ನೇ ಎಲೆ ಅಂದ ಹಾಗೆ.

ಇದು ವೈಜ್ಞಾನಿಕ ತಪ್ಪು ಅಂತ ನಾನು ಹೇಳುತ್ತಿಲ್ಲ. ಇಸ್ರೋ ಜೊತೆ ಗುರುತಿಸಿಕೊಂಡವರು ನೇತೃತ್ವ ವಹಿಸಿದ ಸಮಿತಿಗೆ ಉಪಗ್ರಹ ಚಿತ್ರದ ಮಿತಿ ಗೊತ್ತಿರಲಿಲ್ಲ ಎನ್ನುವುದು ತಮಾಷೆಯಾಗುತ್ತದೆ. ಆದರೆ ಇಂಥ ನಕ್ಷೆ ಸರಿಯಾಗಬೇಕಾದರೆ ಸ್ಥಳೀಯರ ಮಾಹಿತಿ ಬೇಕು. ಅಭಿಪ್ರಾಯ ಅಲ್ಲ, ಮಾಹಿತಿ. ಈ ಸರ್ವೆ ನಂಬರ್ ತೋಟ, ಅದು ಹಳು, ಆಚೆಯದು ಕಾಡು, ಈ ತೋಡಿನ ಮೇಲೆ ಮೊನ್ನೆ ಮಳೆಗಾಲ ಮಣ್ಣು ಜರಿದಿದೆ ಅಂತ. ಅದನ್ನು ಪಡೆಯುವ ಸಾಧನವಾಗಿ ನಾವು ಇಟ್ಟುಕೊಂಡದ್ದು ಒಂದು ಇಮೇಲ್ ವಿಳಾಸ.

ಕೇರಳದ ಕಥೆ ಇಲ್ಲಿ ನೆನಪಿಡಬೇಕು. 2013ರ ನವೆಂಬರ್‌ನಲ್ಲಿ ಕೇಂದ್ರದ ನಿರ್ದೇಶನ ಬಂದ ಕೂಡಲೇ ಅಲ್ಲಿ ಗಲಾಟೆಯಾಯಿತು, ತಾಮರಶ್ಶೇರಿಯಲ್ಲಿ ಅರಣ್ಯ ಕಚೇರಿಗೇ ಬೆಂಕಿ ಬಿತ್ತು. ಅದನ್ನು ಸಮರ್ಥಿಸುವ ಅಗತ್ಯವಿಲ್ಲ. ಆದರೆ ಅದೇ ಹೊತ್ತಿಗೆ ಉಮ್ಮನ್ ವಿ. ಉಮ್ಮನ್ ಸಮಿತಿ ಊರೂರಿನಲ್ಲಿ ಅಹವಾಲು ಕೇಳಿತು, ಪಂಚಾಯಿತಿ ಮಟ್ಟದಲ್ಲಿ ಜಾಗಕ್ಕೇ ಹೋಗಿ ಗಡಿ ಪರಿಶೀಲನೆ ನಡೆಯಿತು. ಪರಿಣಾಮ, 13,108 ಚದರ ಕಿಲೋಮೀಟರ್ ಇದ್ದ ಕೇರಳದ ಪಾಲು 2014ರ ಮಾರ್ಚ್‌ನ ಮೊದಲ ಕರಡಿನಲ್ಲೇ 9,993.7ಕ್ಕೆ ಇಳಿದಿತ್ತು. ಆ ಇಳಿಕೆ ಪರಿಸರಕ್ಕೆ ಒಳ್ಳೆಯದೋ ಅಲ್ಲವೋ, ಬೇರೆ ವಾದ. ಗಮನಿಸಬೇಕಾದ್ದು, ಕೇಂದ್ರದ ನಕ್ಷೆಯನ್ನು ಬದಲಿಸಿದ್ದು ಇಮೇಲ್ ರಾಶಿ ಅಲ್ಲ, ಸರ್ವೆ ನಂಬರ್ ಹಿಡಿದು ಮಾಡಿದ ಕೆಲಸ. ಕರ್ನಾಟಕದ 20,668 ಆರನೇ ಕರಡಿನವರೆಗೂ ಹಾಗೇ ಉಳಿಯಿತು. ನಮ್ಮ ಸರ್ಕಾರಗಳು, ಯಾವ ಪಕ್ಷದ್ದೇ ಇರಲಿ, ಮಾಡಿದ್ದು ತಿರಸ್ಕಾರ. 2024ರ ಸೆಪ್ಟೆಂಬರ್ 26ರ ಸಂಪುಟ ಸಭೆಯಲ್ಲೂ ಅದೇ ತೀರ್ಮಾನ.

ಆಟಿಯಲ್ಲಿ ಆನ್‌ಲೈನ್

60 ದಿನ ಎಂದರೆ ಬೆಂಗಳೂರಿನಲ್ಲಿ ಕೂತವರಿಗೆ ಸಾಕಷ್ಟು ಅನ್ನಿಸಬಹುದು. ಕೊನೆಯ ಎರಡು ಕರಡುಗಳೂ ಬಂದದ್ದು ಜುಲೈನಲ್ಲಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ನಮ್ಮಲ್ಲಿ ಆಟಿ ತಿಂಗಳು. ಅಡಿಕೆಗೆ ಕೊಳೆರೋಗ ಬರುವ ಹೊತ್ತು. ಮಳೆ ಒಂದು ಗಂಟೆ ಬಿಟ್ಟರೆ ಬೋರ್ಡೋ ಮದ್ದು ಬಿಡಲು ಓಡಬೇಕು. ಕರೆಂಟ್ ಎರಡು ದಿನ ಹೋದರೆ ಟವರ್ ಕೂಡ ಹೋಯಿತು.

2022ರಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಜುಲೈ 6ಕ್ಕೆ ಕರಡು ಬಂತು. ಆಕ್ಷೇಪಣೆಯ ಅವಧಿ ಅರ್ಧ ಮುಗಿಯುವ ಹೊತ್ತಿಗೆ, ಆಗಸ್ಟ್ 1ರ ರಾತ್ರಿ, ಸುಬ್ರಹ್ಮಣ್ಯದ ಕುಮಾರಧಾರಾ ಬಳಿ ಗುಡ್ಡ ಕುಸಿದು ಮನೆಯೊಂದರ ಇಬ್ಬರು ಪುಟ್ಟ ಹೆಣ್ಣುಮಕ್ಕಳು ತೀರಿಕೊಂಡರು. ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಕಡೆ ಸೇತುವೆ, ರಸ್ತೆ, ತೋಟ ಕೊಚ್ಚಿಹೋದವು. ಗುಡ್ಡದ ಬಗ್ಗೆ ಹೇಳಲು ಅತಿ ಹೆಚ್ಚು ಮಾತಿದ್ದ ಜನ ಆ ದಿನಗಳಲ್ಲಿ ಮಣ್ಣು ತೆಗೆಯುತ್ತಿದ್ದರು. ದೆಹಲಿಯ ಗಡಿಯಾರ ಮಾತ್ರ ಓಡುತ್ತಲೇ ಇತ್ತು.

ನೆಟ್‌ವರ್ಕ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. 2021ರ ಜೂನ್‌ನಲ್ಲಿ ದೇಶವೆಲ್ಲ ಹರಿದಾಡಿದ ಒಂದು ಫೋಟೊ ನೆನಪಿರಬಹುದು: ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಹುಡುಗಿಯೊಬ್ಬಳು ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಅದು ಸುಳ್ಯ ತಾಲ್ಲೂಕಿನ ಬಳ್ಳಕದ್ದು. ಅಲ್ಲಿಂದೀಚೆಗೆ ಟವರ್ ಬಂದಿರಬಹುದು, ಫೈಬರ್ ಬಂದಿರಬಹುದು. ಆದರೆ ಸಮಸ್ಯೆ ಅಷ್ಟೇ ಆಗಿದ್ದರೆ ಸುಲಭವಿತ್ತು.

ದೊಡ್ಡ ಅಡ್ಡಿ ಭಾಷೆ. ಕೇಂದ್ರದ ಗೆಜೆಟ್ ಬರುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಕರಡಿನಲ್ಲಿ ನಿಜವಾಗಿ ಇರುವ ನಿಷೇಧಗಳು ಯಾವುವು? ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆ ಬಂದ್. ಈಗಿರುವ ಗಣಿಗಳು ಐದು ವರ್ಷದೊಳಗೆ ಅಥವಾ ಲೀಸ್ ಮುಗಿದಾಗ ನಿಲ್ಲಬೇಕು. ಹೊಸ ಉಷ್ಣ ವಿದ್ಯುತ್ ಸ್ಥಾವರ ಇಲ್ಲ, ಕೆಂಪು ವರ್ಗದ ಹೊಸ ಕೈಗಾರಿಕೆ ಇಲ್ಲ. 20,000 ಚದರ ಮೀಟರ್ ಮೀರಿದ ಕಟ್ಟಡ ಯೋಜನೆ ಇಲ್ಲ. ಮಾವನ ಮಗ ಕಟ್ಟಬೇಕೆಂದಿರುವ ಮನೆ 20,000 ಚದರ ಮೀಟರ್ ಆಗಬೇಕಾದರೆ ಅವನು ಅಡಿಕೆ ಬಿಟ್ಟು ಬೇರೆ ಏನಾದರೂ ಮಾರಬೇಕಾದೀತು. ಇಷ್ಟನ್ನು ಎರಡು ಪುಟ ಸರಳ ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಅಂಟಿಸಿದ್ದರೆ ಅರ್ಧ ಹೆದರಿಕೆ ಹೋಗುತ್ತಿತ್ತು. ಆ ಖಾಲಿ ಜಾಗವನ್ನು ತುಂಬಿದ್ದು ವಾಟ್ಸ್ಆ್ಯಪ್: ದನ ಸಾಕುವ ಹಾಗಿಲ್ಲ, ಮನೆಗೆ ಹಂಚು ಬದಲಿಸುವ ಹಾಗಿಲ್ಲ, ಒಕ್ಕಲೆಬ್ಬಿಸುತ್ತಾರೆ.

ಹಾಗಂತ ಹೆದರಿಕೆಯೆಲ್ಲ ಸುಳ್ಳು ಸುದ್ದಿಯಿಂದಲೇ ಹುಟ್ಟಿತು ಎಂದು ನಾವು, ಅಂದರೆ ನಗರದಲ್ಲಿ ಕೂತು ಬರೆಯುವವರು, ಹೇಳಿಬಿಡುವುದು ಸೋಮಾರಿತನ. ಕುಮ್ಕಿ ಸಕ್ರಮಕ್ಕೆ, 94ಸಿ ಹಕ್ಕುಪತ್ರಕ್ಕೆ ವರ್ಷಗಟ್ಟಲೆ ಅಲೆದವರಿಗೆ ಕಾಗದದಲ್ಲಿ ಇಲ್ಲದ ನಿಷೇಧವೂ ಕಚೇರಿಯಲ್ಲಿ ಹುಟ್ಟಿಕೊಳ್ಳುತ್ತದೆ ಎನ್ನುವುದು ಅನುಭವದಿಂದ ಗೊತ್ತು. ಅರಣ್ಯ ಮತ್ತು ಕಂದಾಯ ಇಲಾಖೆಗಳ ಗಡಿಯೇ ಹಲವು ಕಡೆ ಇತ್ಯರ್ಥವಾಗಿಲ್ಲ. 2024ರ ನವೆಂಬರ್‌ನಲ್ಲಿ ಗುಂಡ್ಯದಲ್ಲಿ ಹೆದ್ದಾರಿ ಬದಿ ಸೇರಿದ ಜನ ಕೇಳಿದ್ದರಲ್ಲಿ ಜಂಟಿ ಸರ್ವೆಯ ಬೇಡಿಕೆಯೂ ಇತ್ತು. ಇಮೇಲ್ ಕೆಲಸ ಮಾಡಿದ್ದರೆ ಅವರು ಗುಂಡ್ಯಕ್ಕೆ ಬರಬೇಕಾಗಿರಲಿಲ್ಲ.

ಲೆಕ್ಕ ಹಾಕುವ ಆಟ

ಇದು ಘಟ್ಟದ ಕಥೆ ಮಾತ್ರ ಅಲ್ಲ. 2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟಾಗ ಬಿಡಿಎ ಇಮೇಲ್ ಮೂಲಕ ಅಭಿಪ್ರಾಯ ಕೇಳಿತ್ತು. ಬಂದದ್ದು 299 ಇಮೇಲ್. ಅದರಲ್ಲಿ ಶೇ 73 ಮಂದಿ ಪರ, ಹಾಗಾಗಿ ಜನ ಒಪ್ಪಿದ್ದಾರೆ ಎಂದು ವಾದಿಸಲಾಯಿತು. ಸುಮಾರು 1,791 ಕೋಟಿ ರೂಪಾಯಿಯ, 800ಕ್ಕೂ ಹೆಚ್ಚು ಮರ ಕಡಿಯುವ ಯೋಜನೆಗೆ ಒಂದು ಕೋಟಿ ಜನರ ಊರಿನಲ್ಲಿ 299 ಇಮೇಲ್! ಅಕ್ಟೋಬರ್ 16ರಂದು ಜನ ರಸ್ತೆಯಲ್ಲಿ ಮಾನವ ಸರಪಳಿ ಕಟ್ಟಿದರು, ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು, 2017ರ ಮಾರ್ಚ್ 2ರಂದು ಸರ್ಕಾರ ಯೋಜನೆ ಕೈಬಿಟ್ಟಿತು. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಹ್ಯಾಶ್‌ಟ್ಯಾಗ್ ಜನರನ್ನು ಸೇರಿಸಲು ಚೆನ್ನಾಗಿ ಕೆಲಸ ಮಾಡಿತು. ಅಂದರೆ ಇಂಟರ್ನೆಟ್ ಸೋಲಲಿಲ್ಲ. ಸೋತದ್ದು ಸರ್ಕಾರ ತೆರೆದ ಇನ್‌ಬಾಕ್ಸ್.

ಘಟ್ಟದಲ್ಲೂ ಈ ಲೆಕ್ಕ ಮೊದಲೇ ಆಗಿತ್ತು. ಮಾಧವ ಗಾಡ್ಗೀಳ್ ಸಮಿತಿ 2011ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯನ್ನು ಸಚಿವಾಲಯ ತಿಂಗಳುಗಟ್ಟಲೆ ಮುಚ್ಚಿಟ್ಟಿತ್ತು. ಮಾಹಿತಿ ಹಕ್ಕಿನ ಅರ್ಜಿ, ಮಾಹಿತಿ ಆಯೋಗದ ಆದೇಶ, ದೆಹಲಿ ಹೈಕೋರ್ಟ್ ಎಲ್ಲ ದಾಟಿ 2012ರ ಮೇನಲ್ಲಿ ಅದು ವೆಬ್‌ಸೈಟಿಗೆ ಬಂತು. ಗಾಡ್ಗೀಳರ ಆಶಯ ವರದಿ ಸ್ಥಳೀಯ ಭಾಷೆಗೆ ಬಂದು ಗ್ರಾಮಸಭೆಗಳಲ್ಲಿ ಚರ್ಚೆಯಾಗಲಿ ಎಂಬುದಾಗಿತ್ತು. ಆದದ್ದು ಬೇರೆ. ಅಭಿಪ್ರಾಯ ಆಹ್ವಾನಿಸಿದಾಗ 1,750 ಪ್ರತಿಕ್ರಿಯೆ ಬಂದವು, ಅವುಗಳಲ್ಲಿ ಶೇ 81 ವರದಿಯ ಪರವಾಗಿರಲಿಲ್ಲ ಎಂದು ದಾಖಲಾಯಿತು. ಆರು ರಾಜ್ಯಗಳ ಘಟ್ಟದ ಬಗ್ಗೆ 1,750 ಕಾಗದ! ಕಸ್ತೂರಿರಂಗನ್ ಸಮಿತಿ ತನ್ನ ಕೆಲಸ ಶುರು ಮಾಡಿದ ಹಿನ್ನೆಲೆಯಲ್ಲಿ ಈ ಶೇಕಡಾವಾರು ಕೂತಿತ್ತು.

ಸಂಖ್ಯೆ ಜಾಸ್ತಿ ಇದ್ದರೆ ಸರಿಹೋಗುತ್ತದಾ? ಅದೂ ಇಲ್ಲ. 2020ರ ಪರಿಸರ ಪರಿಣಾಮ ಮೌಲ್ಯಮಾಪನ ಕರಡಿಗೆ ಲಾಕ್‌ಡೌನ್ ಮಧ್ಯೆಯೇ ಲಕ್ಷಗಟ್ಟಲೆ ಇಮೇಲ್ ಹೋದವು. ಅಭಿಯಾನ ಮಾಡಿದ ಯುವಜನರ ವೆಬ್‌ಸೈಟ್‌ಗಳು ಬ್ಲಾಕ್ ಆದವು, ಒಂದು ಗುಂಪಿಗೆ ದೆಹಲಿ ಪೊಲೀಸರಿಂದ ಯುಎಪಿಎ ಉಲ್ಲೇಖಿಸಿದ ನೋಟಿಸ್ ಹೋಗಿ ಆಮೇಲೆ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಅವಧಿ ವಿಸ್ತರಣೆಯಾದದ್ದು, 22 ಭಾಷೆಗೆ ಅನುವಾದ ಮಾಡಿ ಎಂಬ ಆದೇಶ ಬಂದದ್ದು ದೆಹಲಿ ಹೈಕೋರ್ಟಿನಿಂದ. ಕನ್ನಡದಲ್ಲಿ ಕೊಡದೆ ಅಂತಿಮಗೊಳಿಸಬೇಡಿ ಎಂದು ತಡೆದದ್ದು ಕರ್ನಾಟಕ ಹೈಕೋರ್ಟ್. ಆ ಕರಡು ಅಂತಿಮವಾಗಲಿಲ್ಲ, ನಿಜ. ಆದರೆ 2006ರ ಅಧಿಸೂಚನೆಗೆ ತುಂಡುತುಂಡಾಗಿ ತಿದ್ದುಪಡಿಗಳು ಬರುತ್ತಲೇ ಇವೆ. ರಸ್ತೆ, ಪೈಪ್‌ಲೈನ್‌ಗೆ ಮಣ್ಣು ತೆಗೆಯಲು ಪರಿಸರ ಅನುಮತಿ ಬೇಡ ಎಂದು 2020ರ ಮಾರ್ಚ್‌ನಲ್ಲಿ ಜನರನ್ನು ಕೇಳದೆಯೇ ಕೊಟ್ಟ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2024ರ ಮಾರ್ಚ್‌ನಲ್ಲಿ. ಮಧ್ಯೆ ನಾಲ್ಕು ವರ್ಷದ ಮಣ್ಣು ಹೋಗಿತ್ತು.

ಹಾಗಾದರೆ ಕೆಲಸ ಮಾಡಿದ ಉದಾಹರಣೆಯೇ ಇಲ್ಲವಾ? ಇದೆ. ನೆಟ್ ನ್ಯೂಟ್ರಾಲಿಟಿ. 2015ರ ಏಪ್ರಿಲ್‌ನಲ್ಲಿ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಅದೇ ವರ್ಷದ ಕೊನೆಗೆ ಫೇಸ್‌ಬುಕ್ ತನ್ನ ಫ್ರೀ ಬೇಸಿಕ್ಸ್‌ಗಾಗಿ ಬಳಕೆದಾರರಿಂದ ಒತ್ತಿಸಿದ ಒಂದೇ ಅಚ್ಚಿನ ಸಂದೇಶಗಳೂ ಲಕ್ಷಗಟ್ಟಲೆ ಹೋದವು. ಇದು ತಲೆ ಎಣಿಸುವ ಜನಮತಗಣನೆ ಅಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಕೊಡಿ ಎಂಬರ್ಥದ ಖಡಕ್ ಪತ್ರ ಟ್ರಾಯ್‌ನಿಂದ ಫೇಸ್‌ಬುಕ್‌ಗೆ ಹೋಯಿತು. 2016ರ ಫೆಬ್ರವರಿ 8ರಂದು ತಾರತಮ್ಯದ ದರಗಳನ್ನು ನಿಷೇಧಿಸಿದ ನಿಯಮ ಬಂತು, ಜೊತೆಗೆ ಯಾವ ವಾದಕ್ಕೆ ಏನು ಉತ್ತರ ಎನ್ನುವ ವಿವರಣೆಯೂ ಬಂತು. (ಮಧ್ಯೆ ಟ್ರಾಯ್ ಇಮೇಲ್ ಕಳಿಸಿದವರ ವಿಳಾಸಗಳನ್ನೆಲ್ಲ ವೆಬ್‌ಸೈಟಿಗೆ ಸುರಿದು ಎಡವಟ್ಟು ಮಾಡಿದ್ದೂ ಇತಿಹಾಸವೇ.)

ಟ್ರಾಯ್ ಯಾಕೆ ಹಾಗೆ ನಡೆದುಕೊಂಡಿತು? ಅದು ಒಳ್ಳೆಯವರ ಸಂಘ ಅಂತಲ್ಲ. ಕೆಲಸದಲ್ಲಿ ಪಾರದರ್ಶಕವಾಗಿರಬೇಕು ಎಂದು ಅದರ ಕಾಯ್ದೆಯ 11(4)ನೇ ಕಲಂ ಹೇಳುತ್ತದೆ. ಬಂದ ಅಭಿಪ್ರಾಯವನ್ನು ಪ್ರಕಟಿಸುತ್ತದೆ, ಅದಕ್ಕೆ ಪ್ರತಿ-ಅಭಿಪ್ರಾಯ ಕೇಳುತ್ತದೆ, ಕೊನೆಗೆ ಕಾರಣ ಬರೆಯುತ್ತದೆ. ಇದನ್ನೇ ಎಲ್ಲ ನಿಯಮ ರಚನೆಗೂ ಕಾನೂನಾಗಿ ಮಾಡಿ ಎಂದು 2016ರ ಕಾಲ್‌ಡ್ರಾಪ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಂಸತ್ತನ್ನು ಒತ್ತಾಯಿಸಿತ್ತು. ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಇರುವುದು ಬಂದ ಆಕ್ಷೇಪಣೆಗಳನ್ನು ಪರಿಗಣಿಸಬೇಕು ಎಂಬುದಷ್ಟೇ. ಪರಿಗಣಿಸಿದ್ದಕ್ಕೆ ಕಾರಣ ಬರೆದು ಹೇಳಬೇಕು ಎಂಬ ಕಟ್ಟುಪಾಡು ಇಲ್ಲ. ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ಬ್ಯಾಕ್ ಉಳಿಸಿಕೊಂಡವರಿಗೂ ಗೊತ್ತಿರುವ ವಿಷಯ ಇದು: ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ವಾಪಸ್ ತಂತಿ ಇಲ್ಲದಿದ್ದರೆ ಅದಕ್ಕೆ ಫೀಡ್‌ಬ್ಯಾಕ್ ಅನ್ನುವುದಿಲ್ಲ.

ಹೊರಗಿನ ಉದಾಹರಣೆ ಬೇಕಿದ್ದರೆ ತೈವಾನಿನ ‘ಜಾಯಿನ್’ ವೇದಿಕೆ. 60 ದಿನದಲ್ಲಿ 5,000 ಸಹಿ ಬಂದರೆ ಸಂಬಂಧಪಟ್ಟ ಇಲಾಖೆ ಎರಡು ತಿಂಗಳೊಳಗೆ ಲಿಖಿತ ಉತ್ತರ ಕೊಡಬೇಕು. ಒಪ್ಪಲೇಬೇಕು ಅಂತಿಲ್ಲ, ಉತ್ತರ ಕೊಡಬೇಕು. ಬ್ರಿಟನ್ನಿನಲ್ಲಿ 2019ರಲ್ಲಿ ಬ್ರೆಕ್ಸಿಟ್ ರದ್ದು ಮಾಡಿ ಎಂಬ ಅರ್ಜಿಗೆ 60 ಲಕ್ಷ ದಾಟಿದ ಸಹಿ ಬಿತ್ತು, ಸರ್ಕಾರ ಒಪ್ಪಲಿಲ್ಲ, ಆದರೆ ಯಾಕೆ ಒಪ್ಪುವುದಿಲ್ಲ ಎಂದು ಹೇಳಿತು, ಸಂಸತ್ತಿನಲ್ಲಿ ಚರ್ಚೆ ನಡೆಯಿತು. ಸೋತವರಿಗೂ ತಾವು ಯಾಕೆ ಸೋತೆವು ಅಂತ ಗೊತ್ತಾಯಿತು. ನಮ್ಮ ಕುಕ್ಕೆಯಲ್ಲಿ ಸೇವೆ ಬುಕ್ ಮಾಡಿದರೂ ರಶೀದಿ, ದಿನಾಂಕ ಸಿಗುತ್ತದೆ. ದೇವರೇ ಅಷ್ಟು ಲೆಕ್ಕ ಇಡುವಾಗ ಸಚಿವಾಲಯಕ್ಕೆ ಕಷ್ಟ ಏನು?

ಗ್ರಾಮಸಭೆ ಮತ್ತು ಆ್ಯಪ್, ಎರಡೂ

ಒಂದು ವಿಚಿತ್ರ ನೋಡಿ. 2006ರ ಇಐಎ ನಿಯಮದ ಪ್ರಕಾರ ಒಂದು ದೊಡ್ಡ ಯೋಜನೆಗೆ ಜಾಗದಲ್ಲೇ ಸಾರ್ವಜನಿಕ ಅಹವಾಲು ನಡೆಯಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಕೂರಬೇಕು, ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕು, ನಡಾವಳಿಯನ್ನು ಸೇರಿದವರಿಗೆ ಅವರ ಭಾಷೆಯಲ್ಲೇ ಓದಿ ಹೇಳಿ ಸಹಿ ಹಾಕಬೇಕು. ಒಂದು ಯೋಜನೆಗೆ ಇಷ್ಟೆಲ್ಲ. 1,576 ಹಳ್ಳಿಗೆ ಇಮೇಲ್. 

ಹಾಗೆಂದು ಗ್ರಾಮಸಭೆಯನ್ನು ತೀರ ಹೊಗಳುವ ಅಗತ್ಯವೂ ಇಲ್ಲ. ನಮ್ಮ ಕಡೆಯ ಗ್ರಾಮಸಭೆಗೆ ಹೋದವರಿಗೆ ಗೊತ್ತು, ಮೆಸ್ಕಾಂನವರು ಬಂದಿಲ್ಲ, ಅರಣ್ಯದವರು ಬಂದಿಲ್ಲ ಎಂಬ ಜಗಳದಲ್ಲೇ ಮಧ್ಯಾಹ್ನ ಆಗುತ್ತದೆ. ಕೋರಂ ತುಂಬಲು ಕಾಯಬೇಕು. ಹೆಂಗಸರು, ಕಾಲೊನಿಯವರು ಮಾತಾಡುವುದು ಕಡಿಮೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ, ಜಮೀನು ಊರಿನಲ್ಲಿರುವ ನನ್ನಂಥವರಿಗೆ ಅಲ್ಲಿ ಬಾಯಿಲ್ಲ. ಅಲ್ಲಿ ಆನ್‌ಲೈನ್ ಬೇಕು. ಊರಿನ ವಿರೋಧದ ಹವಾ ನಡುವೆ ಕ್ವಾರಿ ಬೇಡ ಎಂದು ಎದ್ದು ನಿಂತು ಹೇಳಲು ಹೆದರುವವರಿಗೂ ಆನ್‌ಲೈನ್ ಬೇಕು. ಕ್ವಾರಿಯ ಲಾರಿ ಓಡಿಸುವವನು ಪಕ್ಕದ ಕುರ್ಚಿಯಲ್ಲೇ ಇರುತ್ತಾನೆ.

ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ನಮ್ಮ ರಾಜ್ಯದ್ದೇ. ನಿಂತ ಜಾಗ ಯಾವ ಸರ್ವೆ ನಂಬರ್ ಎಂದು ಅದು ಫೋನಿನಲ್ಲೇ ಹೇಳುತ್ತದೆ. ಅದರ ಮೇಲೆ ಸೂಕ್ಷ್ಮ ಪ್ರದೇಶದ ಗಡಿಯನ್ನು ಒಂದು ಪದರವಾಗಿ ಹಾಕುವುದು ರಾಕೆಟ್ ವಿಜ್ಞಾನ ಅಲ್ಲ. ರೈತ ತನ್ನ ತೋಟದಲ್ಲಿ ನಿಂತು, ಇದು ಕಾಡಲ್ಲ, ಫೋಟೊ ಇದೆ ಎಂದು ಆ ಸರ್ವೆ ನಂಬರಿಗೇ ಆಕ್ಷೇಪಣೆ ಹಾಕಲಿ. ಇನ್ನೊಬ್ಬರು, ಈ ಗುಡ್ಡದಲ್ಲಿ ಬಿರುಕು ಬಿಟ್ಟಿದೆ, ಇಲ್ಲಿ ರಸ್ತೆಗೆ ಮಣ್ಣು ಕಡಿಯಬೇಡಿ ಎಂದು ಹಾಕಲಿ. ಆ ಪಟ್ಟಿ ಗ್ರಾಮಸಭೆಯಲ್ಲಿ ಗೋಡೆ ಮೇಲೆ ಬೀಳಲಿ, ಗ್ರಾಮ ಆಡಳಿತ ಅಧಿಕಾರಿ ಮತ್ತು ಅರಣ್ಯ ರಕ್ಷಕ ಇಬ್ಬರೂ ಜಾಗ ನೋಡಿ ಹೌದು ಅಥವಾ ಅಲ್ಲ ಎಂದು ಬರೆಯಲಿ. ಇದು ನಡೆಯಬೇಕಾದದ್ದು ಮಳೆ ಬಿಟ್ಟು ಅಡಿಕೆ ಕೊಯ್ಲು ಮುಗಿದ ಮೇಲೆ, ಫೆಬ್ರವರಿ-ಮಾರ್ಚ್‌ನಲ್ಲಿ. ಇದಕ್ಕೆ ದೆಹಲಿಯ ಅಪ್ಪಣೆ ಬೇಕಾಗಿಲ್ಲ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಸಾಕು. ತಿರಸ್ಕರಿಸಿದ್ದೇವೆ ಎಂದು ಹೇಳುವುದು ಅದಕ್ಕಿಂತ ಸುಲಭ, ವೋಟಿಗೂ ಒಳ್ಳೆಯದು ಎನ್ನುವುದು ಬೇರೆ ಮಾತು.

ಈ ಕೆಲಸ ನಡೆಯದೆ ಹೋದರೆ ಯಾರಿಗೆ ಲಾಭ ಎಂದೂ ಕೇಳಬೇಕು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕರಡು ಬಂದು, ಗಡುವು ಮುಗಿದು, ಮತ್ತೆ ಕರಡು ಬರುತ್ತಿರುವಾಗ ಕುಮ್ಕಿಯವನಿಗೆ ಹೆದರಿಕೆ ಹೋಗಲಿಲ್ಲ, ಗುಡ್ಡದ ಬುಡದವರಿಗೆ ರಕ್ಷಣೆ ಬರಲಿಲ್ಲ. ನಿಶ್ಚಿಂತೆಯಾಗಿದ್ದವರು ಕ್ವಾರಿ ಮತ್ತು ರೆಸಾರ್ಟಿನವರು ಮಾತ್ರ.

ಮಾವನ ಇಮೇಲನ್ನು ಕೊನೆಗೆ ನಾನು ಕನ್ನಡದಲ್ಲೇ ಬರೆದೆ, ಅವರು ಹೇಳಿದ ಮೂರೂ ಮಾತನ್ನು ಅದೇ ಕ್ರಮದಲ್ಲಿ. ಸರ್ವೆ ನಂಬರ್ ಹಾಕಿದೆ, ಕುಮ್ಕಿಯ ಅಡಿಕೆ ಗಿಡದ ಫೋಟೊ ಲಗತ್ತಿಸಿದೆ, ಮೇಲಿನ ಗುಡ್ಡದ್ದೂ ಒಂದು. ಓದಿ ಹೇಳಿದಾಗ ಅವರು ಒಂದೇ ತಿದ್ದುಪಡಿ ಹೇಳಿದರು: "ವಿರೋಧ ಅಂತ ಮೇಲೆ ಹಾಕ್ಬೇಡ. ಕ್ವಾರಿ ಬೇಡ ಅಂತ ನಾನು ಹೇಳಿದ್ದು ಅದರಲ್ಲಿ ಮುಚ್ಚಿಹೋಗ್ತದೆ." ವಿಷಯದ ಸಾಲಿನಲ್ಲಿ ಊರಿನ ಹೆಸರು ಮತ್ತು ಸರ್ವೆ ನಂಬರ್ ಮಾತ್ರ ಬರೆದು ಕಳಿಸಿದೆವು.